ಜೋಡಿ ದುರ್ಬೀನಿನ ಅಕ್ಷ ಹೊಂದಾಣಿಕೆ

ಜೋಡಿ ದುರ್ಬೀನಿನ ಅಕ್ಷ ಹೊಂದಾಣಿಕೆ (ಕಾಲಿಮೇಷನ್) ಎಂದರೆ ಬೈನಾಕ್ಯುಲರಿನ ಎರಡು ಕೊಳವೆಗಳ ದೃಕ್ ಅಕ್ಷಗಳು ಒಂದಕ್ಕೊಂದು ಸಮಾಂತರವಾಗಿಯೂ, ನಡುವಿನ ಕೀಲಿನ ಅಕ್ಷಕ್ಕೆ ಸಮಾಂತರವಾಗಿಯೂ ಇರುವ ಸ್ಥಿತಿ. ಉಪಕರಣವನ್ನು ಆ ಸ್ಥಿತಿಗೆ ತರುವ ಕೆಲಸವನ್ನೂ ಇದೇ ಹೆಸರಿನಿಂದ ಕರೆಯಲಾಗುತ್ತದೆ. ಅಕ್ಷಗಳು ತಪ್ಪಿದಾಗ ಎಡಗಣ್ಣು ಮತ್ತು ಬಲಗಣ್ಣಿಗೆ ಬೇರೆ ಬೇರೆ ದಿಕ್ಕಿನಿಂದ ಬಿಂಬಗಳು ತಲುಪುತ್ತವೆ. ದೋಷ ಹೆಚ್ಚಿದ್ದರೆ ಒಂದು ನಕ್ಷತ್ರ ಎರಡಾಗಿ ಕಾಣುತ್ತದೆ. ದೋಷ ಕಡಿಮೆಯಿದ್ದರೆ ಕಣ್ಣಿನ ಸ್ನಾಯುಗಳು ಅದನ್ನು ಬಲವಂತವಾಗಿ ಸರಿದೂಗಿಸುತ್ತವೆ. ಕೆಲವು ನಿಮಿಷಗಳಲ್ಲಿ ಕಣ್ಣುನೋವು, ತಲೆನೋವು ಅಥವಾ ಓಕರಿಕೆ ಶುರುವಾಗುತ್ತದೆ. ಈ ಎರಡನೆಯ ಸ್ಥಿತಿಯೇ ಹೆಚ್ಚು ಮೋಸಗೊಳಿಸುವಂಥದು. ದೋಷ ಉಪಕರಣದ್ದೆಂದು ತಿಳಿಯದ ಹೊಸ ವೀಕ್ಷಕರು ತಮ್ಮ ಕಣ್ಣೇ ಸರಿಯಿಲ್ಲವೆಂದುಕೊಂಡು ಆಕಾಶ ವೀಕ್ಷಣೆಯನ್ನು ಬಿಟ್ಟುಬಿಡುವುದುಂಟು.

ಕೆಲವು ಸಾವಿರ ರೂಪಾಯಿಗೆ ದೊರೆಯುವ 10×50, 15×70, 20×80 ಮಾದರಿಗಳಲ್ಲಿ ಈ ದೋಷ ಸಾಮಾನ್ಯ. ಈ ಬರಹದಲ್ಲಿ ಅಂತಹ ಉಪಕರಣಗಳಲ್ಲಿ ದೋಷದ ಕಾರಣ, ಪತ್ತೆ ಮತ್ತು ಪರಿಹಾರವನ್ನು ವಿವರಿಸಲಾಗಿದೆ. ತೇವ ಹೆಚ್ಚಿರುವ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಎದುರಾಗುವ ಸಮಸ್ಯೆಗಳಿಗೆ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಪ್ರದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಹಿನ್ನೆಲೆ

ದುರ್ಬೀನು ಎಂಬ ಪದ ಪರ್ಷಿಯನ್ ಮೂಲದ್ದು. ದೂರವನ್ನು ಕಾಣಿಸುವಂಥದು ಎಂದು ಅದರ ಅರ್ಥ. ಕನ್ನಡದಲ್ಲಿ ಒಂಟಿ ಕೊಳವೆಯ ದೂರದರ್ಶಕಕ್ಕೂ ಜೋಡಿ ಕೊಳವೆಯ ಬೈನಾಕ್ಯುಲರಿಗೂ ಈ ಪದವೇ ಬಳಕೆಯಲ್ಲಿದೆ. ಜೋಡಿ ಉಪಕರಣದ ಕಲ್ಪನೆ ದೂರದರ್ಶಕದಷ್ಟೇ ಹಳೆಯದು. 1608ರಲ್ಲಿ ಹ್ಯಾನ್ಸ್ ಲಿಪ್ಪರ್‌ಹೇ ತನ್ನ ದೂರದರ್ಶಕವನ್ನು ಡಚ್ ಆಡಳಿತದ ಮುಂದಿಟ್ಟಾಗಲೇ ಎರಡೂ ಕಣ್ಣುಗಳಿಂದ ನೋಡಬಹುದಾದ ಉಪಕರಣವನ್ನು ಮಾಡಿಕೊಡುವಂತೆ ಅವನನ್ನು ಕೇಳಲಾಗಿತ್ತು. ಒಂದು ಕೊಳವೆಯನ್ನು ಮಾಡುವುದಕ್ಕಿಂತ ಎರಡನ್ನು ಸಮಾಂತರವಾಗಿ ನಿಲ್ಲಿಸುವುದು ಕಷ್ಟ ಎಂಬುದು ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಪಟ್ಟಕ (ಪ್ರಿಸಂ) ವ್ಯವಸ್ಥೆಯನ್ನು ಬಳಸಿ ಜರ್ಮನಿಯ ಝೈಸ್ ಸಂಸ್ಥೆ 1894ರಲ್ಲಿ ಆಧುನಿಕ ಬೈನಾಕ್ಯುಲರುಗಳನ್ನು ಮಾರುಕಟ್ಟೆಗೆ ತಂದಿತು. ಇಂದಿಗೂ ಕಡಿಮೆ ಬೆಲೆಯ ಖಗೋಳ ಬೈನಾಕ್ಯುಲರುಗಳಲ್ಲಿ ಹೆಚ್ಚಿನವು ಈ ಪೊರೊ ವಿನ್ಯಾಸದವೇ ಆಗಿವೆ.

ರಚನೆ ಮತ್ತು ದೋಷದ ಮೂಲ

ಪೊರೊ ಬೈನಾಕ್ಯುಲರಿನ ಪ್ರತಿ ಕೊಳವೆಯಲ್ಲಿ ಮುಂದೆ ವಸ್ತುಕ ಮಸೂರ, ಹಿಂದೆ ನೇತ್ರಕ, ಅವುಗಳ ನಡುವೆ ಒಂದಕ್ಕೊಂದು ಅಡ್ಡಲಾಗಿ ಕುಳಿತ ಎರಡು ಲಂಬಕೋನ ಪಟ್ಟಕಗಳಿರುತ್ತವೆ. ವಸ್ತುಕ ಮಸೂರ ತಲೆಕೆಳಗಾದ ಬಿಂಬವನ್ನು ಉಂಟುಮಾಡುತ್ತದೆ. ಪಟ್ಟಕಗಳಲ್ಲಿ ನಡೆಯುವ ನಾಲ್ಕು ಪ್ರತಿಫಲನಗಳು ಅದನ್ನು ನೇರಗೊಳಿಸುತ್ತವೆ. ದುಬಾರಿ ಉಪಕರಣಗಳಲ್ಲಿ ಪಟ್ಟಕಗಳು ಲೋಹದ ತೊಟ್ಟಿಲಿನಲ್ಲಿ ಭದ್ರವಾಗಿ ಕುಳಿತಿರುತ್ತವೆ ಮತ್ತು ವಸ್ತುಕ ಮಸೂರದ ಸುತ್ತಲಿನ ವಿಕೇಂದ್ರೀಯ ಉಂಗುರಗಳನ್ನು ತಿರುಗಿಸಿ ಅಕ್ಷವನ್ನು ಹೊಂದಿಸಲಾಗುತ್ತದೆ. ಅಗ್ಗದ ಉಪಕರಣಗಳಲ್ಲಿ ಪಟ್ಟಕವನ್ನು ಒಂದು ತಟ್ಟೆಯ ಮೇಲಿಟ್ಟು ತೆಳುವಾದ ಲೋಹದ ಪಟ್ಟಿಯಿಂದ ಒತ್ತಿ ಹಿಡಿದಿರುತ್ತಾರೆ, ಅಂಚಿಗೆ ಒಂದೆರಡು ಹನಿ ಅಂಟು ಹಾಕಿರುತ್ತಾರೆ. ಹೊರಗಿನಿಂದ ಒತ್ತುವ ಸಣ್ಣ ತಿರುಪುಗಳು ಪಟ್ಟಕವನ್ನು ಕೂದಲೆಳೆಯಷ್ಟು ವಾಲಿಸುತ್ತವೆ. ಕಾರ್ಖಾನೆಯಲ್ಲಿ ಹೊಂದಾಣಿಕೆ ನಡೆಯುವುದು ಈ ತಿರುಪುಗಳಿಂದಲೇ.

ಎಷ್ಟು ಸಣ್ಣ ಸ್ಥಾನಪಲ್ಲಟ ಎಷ್ಟು ದೊಡ್ಡ ದೋಷವಾಗುತ್ತದೆ ಎಂಬುದನ್ನು ಲೆಕ್ಕದಿಂದ ತಿಳಿಯಬಹುದು. 10×50 ಉಪಕರಣದ ವಸ್ತುಕ ಮಸೂರದ ಸಂಗಮ ದೂರ 200 ಮಿಲಿಮೀಟರ್ ಎಂದಿಟ್ಟುಕೊಂಡರೆ, ಆ ಮಸೂರ ಪಕ್ಕಕ್ಕೆ 0.1 ಮಿಲಿಮೀಟರ್ ಸರಿದಾಗ ಆಕಾಶದಲ್ಲಿ 1.7 ಕೋನ ನಿಮಿಷದಷ್ಟು ದಿಕ್ಕು ತಪ್ಪುತ್ತದೆ. ನೇತ್ರಕ ಇದನ್ನು ಹತ್ತು ಪಟ್ಟು ಹಿಗ್ಗಿಸುವುದರಿಂದ ಕಣ್ಣಿಗೆ ತಲುಪುವ ವ್ಯತ್ಯಾಸ ಸುಮಾರು 17 ಕೋನ ನಿಮಿಷ, ಅಂದರೆ ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ಹೆಚ್ಚು. ಒಂದು ಹಾಳೆ ಕಾಗದದ ದಪ್ಪದಷ್ಟು ಪಲ್ಲಟ ಉಪಕರಣವನ್ನು ಹಾಳುಗೆಡವಲು ಸಾಕು. ಕಟ್ಟೆಯ ಮೇಲಿಂದ ಬಿದ್ದ ಬೈನಾಕ್ಯುಲರ್ ಹೊರನೋಟಕ್ಕೆ ಚೆನ್ನಾಗಿಯೇ ಇದ್ದು ಒಳಗೆ ಕೆಟ್ಟಿರುವುದು ಇದೇ ಕಾರಣದಿಂದ.

ಪಟ್ಟಕಗಳು ಪರಸ್ಪರ ಲಂಬವಾಗಿರದೆ ತುಸು ತಿರುಗಿದ್ದರೆ ಬೇರೊಂದು ದೋಷ ಉಂಟಾಗುತ್ತದೆ: ಬಿಂಬ ಪಕ್ಕಕ್ಕೆ ಸರಿಯುವ ಬದಲು ಓರೆಯಾಗುತ್ತದೆ, ಅದೂ ಪಟ್ಟಕ ತಿರುಗಿದ ಕೋನದ ಎರಡರಷ್ಟು. ಒಂದು ಕೊಳವೆಯಲ್ಲಿ ಮನೆಯ ಮಾಡಿನ ಸಾಲು ನೇರವಾಗಿಯೂ ಇನ್ನೊಂದರಲ್ಲಿ ವಾಲಿದಂತೆಯೂ ಕಂಡರೆ ಈ ದೋಷವಿದೆಯೆಂದು ತಿಳಿಯಬೇಕು. ಹೊರಗಿನ ತಿರುಪುಗಳಿಂದ ಇದನ್ನು ಸರಿಪಡಿಸಲಾಗದು.

ಕಣ್ಣು ಸಹಿಸುವ ಮಿತಿ

ಎಲ್ಲ ದಿಕ್ಕಿನ ದೋಷಗಳೂ ಸಮಾನವಲ್ಲ. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣುಗಳು ಮೂಗಿನತ್ತ ತಿರುಗುವುದು ಸಹಜವಾದ್ದರಿಂದ, ಕಣ್ಣುಗಳನ್ನು ಒಳಕ್ಕೆ ಸೆಳೆಯುವ ದೋಷವನ್ನು (ಅಭಿಸರಣ) ಅವು ಸುಲಭವಾಗಿ ಸಹಿಸುತ್ತವೆ. ಹೊರಕ್ಕೆ ಸೆಳೆಯುವ ದೋಷವನ್ನು (ಅಪಸರಣ) ಸಹಿಸುವ ಶಕ್ತಿ ಕಡಿಮೆ. ಒಂದು ಕಣ್ಣು ಮೇಲಕ್ಕೆ, ಇನ್ನೊಂದು ಕೆಳಕ್ಕೆ ನೋಡಬೇಕಾದ ಸಂದರ್ಭ ನಿತ್ಯಜೀವನದಲ್ಲಿ ಬರುವುದೇ ಇಲ್ಲ. ಆದ್ದರಿಂದ ಮೇಲು–ಕೆಳಗಿನ ದೋಷವೇ ಅತ್ಯಂತ ತೊಂದರೆದಾಯಕ. ಕೈಪಿಡಿಗಳು ಕೊಡುವ ಮಿತಿಗಳಲ್ಲಿ ವ್ಯತ್ಯಾಸವಿದ್ದರೂ, ನೇತ್ರಕದ ಬಳಿ ಅಳೆದಾಗ ಮೇಲು–ಕೆಳಗಿನ ವ್ಯತ್ಯಾಸ ಸುಮಾರು 15 ಕೋನ ನಿಮಿಷವನ್ನು, ಅಪಸರಣ 20ನ್ನು, ಅಭಿಸರಣ 45ನ್ನು ಮೀರಬಾರದೆಂಬುದು ಸ್ಥೂಲವಾಗಿ ಒಪ್ಪಿತ. ದೀರ್ಘಕಾಲ ನೋಡುವವರಿಗೆ ಇದರ ಅರ್ಧದಷ್ಟು ದೋಷವೂ ಆಯಾಸ ತರಬಹುದು.

ಹಗಲಿನಲ್ಲಿ ಹಕ್ಕಿ ನೋಡುವವರ ಗಮನಕ್ಕೆ ಬಾರದ ದೋಷ ರಾತ್ರಿಯ ಆಕಾಶದಲ್ಲಿ ಎದ್ದು ಕಾಣುತ್ತದೆ. ಹಗಲಿನ ದೃಶ್ಯದಲ್ಲಿ ಎಲೆ, ಕೊಂಬೆ, ನೆರಳು ಮುಂತಾದ ಅಸಂಖ್ಯ ವಿವರಗಳಿರುವುದರಿಂದ ಮಿದುಳು ಎರಡು ಬಿಂಬಗಳನ್ನು ಒಂದುಗೂಡಿಸಲು ಅವುಗಳನ್ನು ಆಧಾರವಾಗಿ ಹಿಡಿಯುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಚದುರಿದ ಕೆಲವೇ ಬೆಳಕಿನ ಚುಕ್ಕೆಗಳಿರುವಾಗ ಅಂತಹ ಹಿಡಿತ ಸಿಗುವುದಿಲ್ಲ. ಕೃತ್ತಿಕೆಯಂತಹ ನಕ್ಷತ್ರಗುಚ್ಛ ಇಮ್ಮಡಿಯಾಗಿ ಕಾಣುವುದೂ, ಮಸುಕಾದ ನೀಹಾರಿಕೆಗಳು ಕಾಣದೇ ಹೋಗುವುದೂ ಹೀಗೆ.

ಪತ್ತೆ ಹಚ್ಚುವ ವಿಧಾನಗಳು

ಯಾವುದೇ ಪರೀಕ್ಷೆಗೆ ಮೊದಲು ಬೈನಾಕ್ಯುಲರನ್ನು ತ್ರಿಪಾದಿಗೆ ಬಿಗಿಯುವುದು ಅಗತ್ಯ. ಕೈಯಲ್ಲಿ ಹಿಡಿದು ಮಾಡಿದ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ. ನೇತ್ರಕಗಳ ನಡುವಿನ ಅಂತರವನ್ನು ವೀಕ್ಷಕನ ಕಣ್ಣುಪಾಪೆಗಳ ಅಂತರಕ್ಕೆ ಸರಿಯಾಗಿ ಹೊಂದಿಸಿರಬೇಕು.

ಅತ್ಯಂತ ಸರಳವಾದದ್ದು ನಕ್ಷತ್ರ ಪರೀಕ್ಷೆ. ಲುಬ್ಧಕ, ಸ್ವಾತಿ, ಅಭಿಜಿತ್ ಮುಂತಾದ ಪ್ರಕಾಶಮಾನ ನಕ್ಷತ್ರವೊಂದನ್ನು ದೃಷ್ಟಿಕ್ಷೇತ್ರದ ನಡುವೆ ತಂದು, ಎಡಗಡೆ ಅದು ಚೂಪಾದ ಬಿಂದುವಾಗಿ ಕಾಣುವಂತೆ ನಾಭೀಕರಿಸಲಾಗುತ್ತದೆ. ಅನಂತರ ಬಲಗಡೆಯ ಡಯಾಪ್ಟರ್ ಉಂಗುರವನ್ನು ಪೂರ್ತಿ ತಿರುಗಿಸಿದರೆ ಆ ಕಣ್ಣಿಗೆ ನಕ್ಷತ್ರ ದೊಡ್ಡ ಮಸುಕು ಬಿಲ್ಲೆಯಾಗಿ ಕಾಣುತ್ತದೆ. ಬಿಂದುವೂ ಬಿಲ್ಲೆಯೂ ಒಂದೇ ರೀತಿ ಇಲ್ಲದ ಕಾರಣ ಮಿದುಳು ಅವುಗಳನ್ನು ಎಳೆದು ಕೂಡಿಸಲಾರದು. ದೋಷ ಇದ್ದದ್ದು ಇದ್ದಂತೆ ತೋರುತ್ತದೆ. ಬಿಂದು ಬಿಲ್ಲೆಯ ನಡುವೆ ಕುಳಿತರೆ ಹೊಂದಾಣಿಕೆ ಸರಿಯಾಗಿದೆ. ಮೇಲೆ ಅಥವಾ ಕೆಳಗೆ ಸರಿದಿದ್ದರೆ ಅದು ಗಂಭೀರ ದೋಷ. ಎಡಕ್ಕೋ ಬಲಕ್ಕೋ ತುಸು ಸರಿದಿದ್ದರೆ ಆತುರಪಡಬೇಕಿಲ್ಲ, ಏಕೆಂದರೆ ಕೂಡಿಸುವ ಕೆಲಸವಿಲ್ಲದಾಗ ಅನೇಕರ ಕಣ್ಣುಗಳು ತಾವಾಗಿಯೇ ಒಳಕ್ಕೋ ಹೊರಕ್ಕೋ ಜಾರುತ್ತವೆ. ಇಬ್ಬರು ಮೂವರು ಬೇರೆ ಬೇರೆಯಾಗಿ ನೋಡಿ ಒಂದೇ ಉತ್ತರ ಹೇಳಿದರೆ ಮಾತ್ರ ದೋಷ ಬೈನಾಕ್ಯುಲರಿನದು ಎನ್ನಬಹುದು. ಬೈನಾಕ್ಯುಲರನ್ನು ತಲೆಕೆಳಗು ಮಾಡಿ ನೋಡಿದರೆ ದೋಷ ಕಣ್ಣಿನದೋ ಉಪಕರಣದ್ದೋ ತಿಳಿಯುತ್ತದೆಂಬ ನಂಬಿಕೆ ಸರಿಯಲ್ಲ: ಹಾಗೆ ಮಾಡಿದಾಗ ಕೊಳವೆಗಳು ಅದಲುಬದಲಾಗುವುದರ ಜೊತೆಗೆ ಬಿಂಬದ ಪಲ್ಲಟವೂ ತಿರುಗಿಬಿಡುವುದರಿಂದ ಎರಡು ಕಣ್ಣುಗಳ ನಡುವಿನ ವ್ಯತ್ಯಾಸ ಮೊದಲಿನಂತೆಯೇ ಉಳಿಯುತ್ತದೆ.

ಹಗಲಿನಲ್ಲಿ ಕಣ್ಣನ್ನು ಹಿಂದೆ ಸರಿಸುವ ವಿಧಾನ ಉಪಯುಕ್ತ. ದೂರದ ಅಡ್ಡಗೆರೆಯೊಂದನ್ನು (ಹೆಂಚಿನ ಮಾಡಿನ ತುದಿ, ವಿದ್ಯುತ್ ಕಂಬದ ಅಡ್ಡಪಟ್ಟಿ, ಬೆಟ್ಟದ ಏಣು) ಗುರಿಯಾಗಿಟ್ಟುಕೊಂಡು ನೇತ್ರಕಗಳಿಂದ 10–15 ಸೆಂಟಿಮೀಟರ್ ಹಿಂದೆ ಸರಿದರೆ ಎರಡು ಸಣ್ಣ ಬೆಳಕಿನ ವೃತ್ತಗಳು ಬೇರೆ ಬೇರೆಯಾಗಿ ಕಾಣುತ್ತವೆ. ಗೆರೆ ಎರಡರಲ್ಲೂ ಒಂದೇ ಎತ್ತರದಲ್ಲಿ ಹಾಯಬೇಕು. ಗುರಿ ಹತ್ತಿರದಲ್ಲಿದ್ದರೆ ಎರಡು ಕೊಳವೆಗಳ ನಡುವಿನ ಅಂತರವೇ ಅಡ್ಡ ದಿಕ್ಕಿನಲ್ಲಿ ಸುಳ್ಳು ವ್ಯತ್ಯಾಸವನ್ನು ತೋರಿಸುವುದರಿಂದ ಅದು ಒಂದೆರಡು ಕಿಲೋಮೀಟರ್ ದೂರವಿದ್ದಷ್ಟೂ ಒಳ್ಳೆಯದು.

ಸೂರ್ಯನ ಬಿಂಬವನ್ನು ಎರಡೂ ಕೊಳವೆಗಳಿಂದ ಬಿಳಿ ಹಾಳೆಯ ಮೇಲೆ ಬೀಳಿಸಿ ಹೋಲಿಸುವ ವಿಧಾನವೂ ಇದೆ. ಗ್ರಹಣ ವೀಕ್ಷಣೆಯಲ್ಲಿ ಇದರ ಪರಿಚಯವುಳ್ಳವರು ಕರಾವಳಿಯಲ್ಲಿ ಅನೇಕರಿದ್ದಾರೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಕಾಸರಗೋಡು ಮತ್ತು ಮಂಗಳೂರು ಭಾಗದಲ್ಲಿ ಕಾಣಿಸಿತ್ತು. ಆದರೆ ಹೊಂದಾಣಿಕೆಯ ಪರೀಕ್ಷೆಗೆ ಇದರಿಂದ ಲಾಭಕ್ಕಿಂತ ಅಪಾಯವೇ ಹೆಚ್ಚು. ಕೇಂದ್ರೀಕೃತ ಬಿಸಿಲು ಅಗ್ಗದ ನೇತ್ರಕದೊಳಗಿನ ಪ್ಲಾಸ್ಟಿಕ್ ಭಾಗವನ್ನು ಕರಗಿಸಬಲ್ಲದು. ಹತ್ತಿರವಿದ್ದ ಮಗುವೊಂದು ಕುತೂಹಲದಿಂದ ನೇತ್ರಕಕ್ಕೆ ಕಣ್ಣಿಟ್ಟರೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಅರ್ಧ ಮೀಟರ್ ದೂರದ ಹಾಳೆಯ ಮೇಲೆ 17 ಕೋನ ನಿಮಿಷದ ದೋಷ ಕೇವಲ ಎರಡೂವರೆ ಮಿಲಿಮೀಟರಿನಷ್ಟು ತೋರುವುದರಿಂದ ನಿಖರತೆಯೂ ಹೆಚ್ಚೇನಿಲ್ಲ.

ಅರುಂಧತಿಯ ಅಳತೆ

ನಕ್ಷತ್ರ ಎರಡಾಗಿ ಕಂಡಾಗ ದೋಷವನ್ನು ಅಳೆಯಲು ಆಕಾಶದಲ್ಲೇ ಮಾಪಕವಿದೆ. ಸಪ್ತರ್ಷಿ ಮಂಡಲದ ವಸಿಷ್ಠ ಮತ್ತು ಅರುಂಧತಿ ನಕ್ಷತ್ರಗಳ ನಡುವಿನ ಅಂತರ ಸುಮಾರು 12 ಕೋನ ನಿಮಿಷ. ವಸಿಷ್ಠನ ಎರಡು ಬಿಂಬಗಳ ನಡುವಿನ ಅಂತರ ಈ ಅಳತೆಯ ಎಂಟನೆಯ ಒಂದು ಭಾಗದಷ್ಟಿದ್ದರೆ ದೋಷ 1.5 ಕೋನ ನಿಮಿಷ. 10× ಉಪಕರಣದಲ್ಲಿ ಕಣ್ಣಿನ ಬಳಿ 15. ಕಾಲು ಭಾಗದಷ್ಟಿದ್ದರೆ ಕಣ್ಣಿನ ಬಳಿ 30, ಅಂದರೆ ಮೇಲು–ಕೆಳಗಿನ ಮಿತಿಯ ಇಮ್ಮಡಿ. 15× ಅಥವಾ 20× ಉಪಕರಣದಲ್ಲಿ ವಸಿಷ್ಠ ತಾನೇ ಜೋಡಿ ನಕ್ಷತ್ರವಾಗಿ ಕಾಣುವ ಸಾಧ್ಯತೆಯಿದೆ. 14 ಕೋನ ಸೆಕೆಂಡಿನ ಆ ನಿಜವಾದ ಜೋಡಿಯನ್ನು ಉಪಕರಣದ ದೋಷವೆಂದು ಎಣಿಸಬಾರದು. ಒಂದು ಕಣ್ಣು ಮುಚ್ಚಿದಾಗಲೂ ಎರಡಾಗಿಯೇ ಉಳಿದರೆ ಅದು ನಿಜವಾದ ಜೋಡಿ.

ಸಪ್ತರ್ಷಿ ಮಂಡಲ ಸಂಜೆಯ ಹೊತ್ತು ಎತ್ತರದಲ್ಲಿರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಚಳಿಗಾಲದಲ್ಲಿ ರೋಹಿಣಿಯ ಸಮೀಪದ ಹಯಡಿಸ್ ಗುಚ್ಛದಲ್ಲಿರುವ ಥೀಟಾ ಜೋಡಿಯನ್ನು ಬಳಸಬಹುದು. ಅವುಗಳ ಅಂತರ 5.6 ಕೋನ ನಿಮಿಷ.

ಸರಿಪಡಿಸುವಿಕೆ

ಹೊಸದಾಗಿ ಕೊಂಡ ಉಪಕರಣದಲ್ಲಿ ದೋಷ ಕಂಡರೆ ಅದನ್ನು ಮಾರಾಟಗಾರರಿಗೆ ಹಿಂದಿರುಗಿಸುವುದೇ ಸರಿಯಾದ ಮಾರ್ಗ. ತಿರುಪಿಗೆ ಕೈಹಾಕಿದರೆ ಖಾತರಿ ರದ್ದಾಗುವುದು ಸಾಮಾನ್ಯ. ಹಿಂದಿರುಗಿಸುವ ಅವಧಿ ಕೆಲವೇ ದಿನಗಳಿರುವುದರಿಂದ, ಮಳೆಗಾಲದ ನಡುವೆ ಕೊಂಡು ಆಕಾಶ ತಿಳಿಯಾಗುವವರೆಗೆ ಕಾಯುವ ಬದಲು ಹಗಲಿನ ಪರೀಕ್ಷೆಯನ್ನಾದರೂ ಕೂಡಲೇ ಮಾಡುವುದು ಮೇಲು.

ಹಳೆಯ ಉಪಕರಣಗಳಲ್ಲಿ ಪಟ್ಟಕದ ತಿರುಪುಗಳನ್ನು ಬಳಸಲಾಗುತ್ತದೆ. ಇವು ಸಾಮಾನ್ಯವಾಗಿ ಪ್ರತಿ ಕೊಳವೆಗೆ ಎರಡರಂತೆ, ಪಟ್ಟಕವಿರುವ ಅಗಲ ಭಾಗದ ಮೇಲೆ, ರಬ್ಬರ್ ಹೊದಿಕೆಯ ಅಡಿಯಲ್ಲಿ ಅಡಗಿರುತ್ತವೆ. ಹೊದಿಕೆಯ ಅಂಚನ್ನು ಮೆಲ್ಲಗೆ ಎತ್ತಿದರೆ ಕಾಣುತ್ತವೆ; ಕೆಲವು ಮಾದರಿಗಳಲ್ಲಿ ತಿರುಪಿನ ತಲೆಯ ಮೇಲೆ ಅಂಟು ತುಂಬಿರುತ್ತದೆ. ಒಂದು ಕೊಳವೆಯ ಎರಡು ಪಟ್ಟಕಗಳು ಪರಸ್ಪರ ಅಡ್ಡಲಾಗಿರುವುದರಿಂದ ಎರಡು ತಿರುಪುಗಳು ಬಿಂಬವನ್ನು ಬಹುಮಟ್ಟಿಗೆ ಪರಸ್ಪರ ಲಂಬ ದಿಕ್ಕುಗಳಲ್ಲಿ ಸರಿಸುತ್ತವೆ. ಆ ದಿಕ್ಕುಗಳು ನೇರ ಮೇಲು–ಕೆಳಗಲ್ಲ, ಹೆಚ್ಚಾಗಿ ಓರೆ. ಎರಡರ ಸಂಯೋಗದಿಂದ ಬೇಕಾದ ಕಡೆಗೆ ಬಿಂಬವನ್ನು ಒಯ್ಯಬಹುದು.

ಕೆಲಸ ನಡೆಯುವುದು ನಕ್ಷತ್ರ ಪರೀಕ್ಷೆಯ ಸ್ಥಿತಿಯಲ್ಲಿಯೇ. ತಿರುಪನ್ನು ಒಮ್ಮೆಗೆ ಒಂದು ಸುತ್ತಿನ ಎಂಟನೆಯ ಭಾಗಕ್ಕಿಂತ ಹೆಚ್ಚು ತಿರುಗಿಸದೆ, ಪ್ರತಿ ಬಾರಿ ಎಷ್ಟು, ಯಾವ ಕಡೆಗೆ ಎಂದು ಬರೆದಿಟ್ಟುಕೊಂಡು, ಬಿಂದು ಬಿಲ್ಲೆಯ ನಡುವೆ ಬರುವವರೆಗೆ ಮುಂದುವರಿಸಲಾಗುತ್ತದೆ. ತಿರುಪು ಗಟ್ಟಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಬಲ ಹಾಕಿದರೆ ಪಟ್ಟಕದ ಗಾಜಿನ ಅಂಚು ಒಡೆಯುತ್ತದೆ, ಅದಕ್ಕೆ ಮದ್ದಿಲ್ಲ. ಆಗ ಅದನ್ನು ಸಡಿಲಿಸಿ ಇನ್ನೊಂದು ಕೊಳವೆಯ ತಿರುಪಿನಿಂದ ಪ್ರಯತ್ನಿಸುವುದು ಕ್ರಮ. ಕಣ್ಣುಗಳು ದೋಷಕ್ಕೆ ಬಹುಬೇಗ ಒಗ್ಗಿಕೊಳ್ಳುವುದರಿಂದ ನಡುನಡುವೆ ಐದು ನಿಮಿಷ ಬರಿಗಣ್ಣಿನಿಂದ ದೂರ ನೋಡಿ ಮತ್ತೆ ಪರೀಕ್ಷಿಸದಿದ್ದರೆ, ಸರಿಯಾಯಿತೆಂದುಕೊಂಡ ಉಪಕರಣ ಮರುದಿನ ಮತ್ತೆ ಎರಡಾಗಿ ತೋರುತ್ತದೆ. ಕೊನೆಯಲ್ಲಿ ತಿರುಪಿನ ತಲೆಗೆ ಒಂದು ಹನಿ ನೈಲ್ ಪಾಲಿಷ್ ಹಚ್ಚಿದರೆ ಅದು ಕದಲುವುದಿಲ್ಲ.

ಷರತ್ತಿನ ಹೊಂದಾಣಿಕೆ

ಹೀಗೆ ಪಡೆದದ್ದು ಪೂರ್ಣ ಹೊಂದಾಣಿಕೆಯಲ್ಲ. ಎರಡು ದೃಕ್ ಅಕ್ಷಗಳು ಪರಸ್ಪರ ಸಮಾಂತರವಾದವೇ ಹೊರತು ಕೀಲಿನ ಅಕ್ಷಕ್ಕೆ ಸಮಾಂತರವಾದವೆಂದು ಹೇಳಲಾಗದು. ಕೀಲನ್ನು ಮಡಿಸಿ ನೇತ್ರಕಗಳ ಅಂತರವನ್ನು ಬದಲಿಸಿದೊಡನೆ ದೋಷ ಮರಳುತ್ತದೆ. ಉದಾಹರಣೆಗೆ, ಎರಡೂ ಅಕ್ಷಗಳು ಕೀಲಿನಿಂದ ಒಂದೇ ಕಡೆಗೆ 5 ಕೋನ ನಿಮಿಷ ವಾಲಿದ್ದು, 64 ಮಿಲಿಮೀಟರ್ ಕಣ್ಣಂತರದ ಒಬ್ಬರಿಗೆ ಸರಿಹೊಂದಿಸಿದ 10× ಉಪಕರಣವನ್ನು 56 ಮಿಲಿಮೀಟರ್ ಅಂತರದ ಬಾಲಕಿಯೊಬ್ಬಳು ತನಗೆ ಹೊಂದಿಸಿಕೊಂಡರೆ ಕೀಲು ಸುಮಾರು 20 ಡಿಗ್ರಿ ತಿರುಗುತ್ತದೆ. ಆಕೆಯ ಕಣ್ಣುಗಳಿಗೆ ಸುಮಾರು 17 ಕೋನ ನಿಮಿಷದ ದೋಷ ಎದುರಾಗುತ್ತದೆ.

ಒಬ್ಬರೇ ಬಳಸುವ ಉಪಕರಣಕ್ಕೆ ಷರತ್ತಿನ ಹೊಂದಾಣಿಕೆ ಸಾಕು. ಅದನ್ನು ಕೀಳೆಂದು ತಳ್ಳಿಹಾಕುವ ಕೆಲವು ತಜ್ಞರ ಧೋರಣೆ, ಬೈನಾಕ್ಯುಲರಿನ ಬೆಲೆಗಿಂತ ದುರಸ್ತಿಯ ವೆಚ್ಚವೇ ಹೆಚ್ಚಾಗುವ ಕಡೆ, ವ್ಯಾವಹಾರಿಕವಲ್ಲ. ಆದರೆ ಶಾಲೆ ಅಥವಾ ಹವ್ಯಾಸಿ ಸಂಘದಲ್ಲಿ ಒಂದೇ ಉಪಕರಣ ಹತ್ತಾರು ಕೈಗಳಿಗೆ ಹೋಗುತ್ತದೆ. 1976ರಲ್ಲಿ ಆರಂಭವಾದ ಬೆಂಗಳೂರು ಹವ್ಯಾಸಿ ಖಗೋಳಜ್ಞರ ಸಂಘ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘಗಳಂತಹ ಕಡೆ ನಡೆಯುವ ಸಾರ್ವಜನಿಕ ವೀಕ್ಷಣೆಗಳಲ್ಲಿ ಮಕ್ಕಳೂ ಹಿರಿಯರೂ ಸಾಲಾಗಿ ಬರುತ್ತಾರೆ. ಅಂತಹ ಬಳಕೆಗೆ ಕಾಲಿಮೇಟರ್ ಉಪಕರಣದ ನೆರವಿನಿಂದ ಎಲ್ಲ ಅಂತರಗಳಲ್ಲೂ ಹೊಂದಿಸಿದ ಬೈನಾಕ್ಯುಲರೇ ಬೇಕಾಗುತ್ತದೆ. ಸಣ್ಣದಾದರೂ ಭದ್ರವಾಗಿ ಕಟ್ಟಿದ 7×50 ಅಥವಾ 8×40, ಹೊಂದಾಣಿಕೆ ಉಳಿಯದ 20×80ಕ್ಕಿಂತ ಅಲ್ಲಿ ಉಪಯುಕ್ತ: ವರ್ಧನೆ ಕಡಿಮೆಯಿದ್ದಷ್ಟೂ ಅಕ್ಷಗಳ ಅದೇ ವಾಲಿಕೆ ಕಣ್ಣಿನ ಬಳಿ ಕಡಿಮೆಯಾಗಿ ತೋರುತ್ತದೆ.

ಚಾರ್ಮಾಡಿ ಪರಿಸರದಲ್ಲಿ

ಚಾರ್ಮಾಡಿ ಗ್ರಾಮ ಪಶ್ಚಿಮ ಘಟ್ಟದ ಬುಡದಲ್ಲಿ, ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿಂದ ರಾಷ್ಟ್ರೀಯ ಹೆದ್ದಾರಿ 73 ಘಟ್ಟವನ್ನೇರಿ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರ ತಲುಪುತ್ತದೆ. ಪೂರ್ವಕ್ಕೆ ಘಟ್ಟದ ಗೋಡೆ ಇರುವುದರಿಂದ ತಾರೆಗಳು ತಡವಾಗಿ ಮೇಲೇಳುತ್ತವೆ. ದಕ್ಷಿಣದ ಆಕಾಶ ಇಲ್ಲಿನ ವಿಶೇಷ: ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ತಾರಾಗುಚ್ಛ ಬೇಸಿಗೆಯ ರಾತ್ರಿಗಳಲ್ಲಿ ದಿಗಂತದಿಂದ ಸುಮಾರು 29 ಡಿಗ್ರಿ ಎತ್ತರಕ್ಕೆ ಬರುತ್ತದೆ, ಯುರೋಪಿನ ಬಹುಭಾಗಕ್ಕೆ ಅದು ಕಾಣುವುದೇ ಇಲ್ಲ. ಅಕ್ಷ ಸರಿಯಿರುವ 10×50ರಲ್ಲಿ ಅದು ಹಿಂಜಿದ ಹತ್ತಿಯ ಉಂಡೆಯಂತೆ ಕಾಣುತ್ತದೆ. ಅಕ್ಷ ತಪ್ಪಿದ್ದರೆ ಎರಡು ಮಬ್ಬು ಕಲೆಗಳು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭಾರಿ ಮಳೆ ಇಲ್ಲಿನ ಉಪಕರಣಗಳಿಗೆ ಕಠಿಣ ಕಾಲ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಕುಳಿತ ಬೈನಾಕ್ಯುಲರಿನ ಮಸೂರ ಮತ್ತು ಪಟ್ಟಕಗಳಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ತಾನಾಗಿ ಅಕ್ಷವನ್ನು ಕೆಡಿಸುವುದಿಲ್ಲ. ಅದನ್ನು ಒರೆಸಲು ಪಟ್ಟಕಗಳನ್ನು ಹೊರತೆಗೆಯುವುದು ಕೆಡಿಸುತ್ತದೆ. ಕ್ಯಾಮೆರಾ ಅಥವಾ ಗಡಿಯಾರ ದುರಸ್ತಿಯಲ್ಲಿ ಪಳಗಿದ ಕೈಗಳೂ ಕಾಲಿಮೇಟರ್ ಇಲ್ಲದೆ ಅವುಗಳನ್ನು ಮೊದಲಿನ ಜಾಗದಲ್ಲಿ ಕೂರಿಸಲಾರವು. ಆದ್ದರಿಂದ ಪಟ್ಟಕ ಬಿಚ್ಚಿ ಶುಚಿಗೊಳಿಸಿದ ಪ್ರತಿ ಬೈನಾಕ್ಯುಲರಿಗೂ ಮರುಹೊಂದಾಣಿಕೆ ಆಗಿದೆಯೇ ಎಂದು ಕೇಳಿಯೇ ಹಣ ಕೊಡುವುದು ಲೇಸು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಟ್ಟು, ಅವು ತೇವ ಹೀರಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಿದರೆ ಬಿಚ್ಚುವ ಪ್ರಮೇಯವೇ ಕಡಿಮೆಯಾಗುತ್ತದೆ.

ಘಟ್ಟದ ತಿರುವುಗಳಲ್ಲಿ ಸಾಗಿಸುವಾಗ ಬೈಕಿನ ಡಿಕ್ಕಿಯಲ್ಲಿ ಬಿಡಿಯಾಗಿ ಉರುಳಾಡಲು ಬಿಟ್ಟ ಉಪಕರಣಕ್ಕಿಂತ, ದಪ್ಪ ಬಟ್ಟೆಯಲ್ಲಿ ಸುತ್ತಿ ಬೆನ್ನಿನ ಚೀಲದಲ್ಲಿಟ್ಟದ್ದು ಸುರಕ್ಷಿತ. 15×70 ಮತ್ತು ಅದಕ್ಕಿಂತ ದೊಡ್ಡವುಗಳನ್ನು ಒಂದೇ ಕೊಳವೆಯಿಂದ ಹಿಡಿದೆತ್ತಿದರೆ ಭಾರವೆಲ್ಲ ಕೀಲಿನ ಮೇಲೆ ಬಿದ್ದು ಅದು ಸಡಿಲವಾಗುತ್ತದೆ. ಕೀಲು ಸಡಿಲಾದ ಉಪಕರಣದಲ್ಲಿ ಪಟ್ಟಕದ ತಿರುಪು ತಿರುಗಿಸಿ ಪ್ರಯೋಜನವಿಲ್ಲ.